ಮಳೆ ಅಲ್ಲಿಗೆ ಮುಟ್ಟುವ ಮೊದಲು

ಮಣ್ಣಗುಡ್ಡ, ಮಂಗಳೂರು
೨೪ ಮೇ ೧೯೮೪

ನನ್ನ ಜಯಾ,

ಬೊಂಬಾಯಿಯಿಂದ ನಿನ್ನ ಇನ್‌ಲ್ಯಾಂಡ್ ಪತ್ರ ಹತ್ತು ದಿನದ ಹಿಂದೆ ಬಂತು. ಆಫೀಸಿನಿಂದ ಬಂದವಳು ಮೆಟ್ಟಿಲ ಮೇಲೆ ನಿಂತೇ ಓದಿದೆ. ಎಂಟು ವರ್ಷಗಳಲ್ಲಿ ನೀನಾಗಿಯೇ ಬರೆದ ಮೊದಲ ಪತ್ರ. ಈ ತನಕ ಬಂದವೆಲ್ಲ ನಿನ್ನ ತಂದೆ ಹೇಳಿ ಬರೆಸಿದವು ಎಂದು ಅಕ್ಷರ ನೋಡಿದರೇ ಗೊತ್ತಾಗುತ್ತಿತ್ತು.

ಲೆಕ್ಕದ ಪರೀಕ್ಷೆಯ ಮಧ್ಯದಲ್ಲಿ ಕಣ್ಣಿನ ಅಂಚಿಗೆ ಮಿನುಗುವ ಗೆರೆಗಳು ಬಂದವು, ಅಂಕಿಗಳು ಅರ್ಧ ಅಳಿಸಿದ ಹಾಗೆ ಕಂಡವು, ಆಮೇಲೆ ವಾಂತಿಯಾಯಿತು, ತಲೆಯ ಒಂದೇ ಪಕ್ಕ ಸಿಡಿಯಿತು ಎಂದು ಬರೆದಿದ್ದೀ. ಈ ತಿಂಗಳು ಮತ್ತೆರಡು ಸಲ ಆಯಿತಂತೆ. ನಿನ್ನ ಗುಲಾಬಿ ಅತ್ತೆ ಇದೆಲ್ಲ ನಾಟಕ ಅನ್ನುತ್ತಾರಂತೆ. ಕೊನೆಯ ಸಾಲಿನಲ್ಲಿ, 'ಅಮ್ಮಾ, ಇದು ನಿನ್ನ ಕಾಯಿಲೆಯಾ?' ಎಂದು ಕೇಳಿದ್ದೀ.

ಹೌದು ಮಗಾ, ನನ್ನದೇ. ನನ್ನಿಂದ ನಿನಗೆ ಬಂದದ್ದು ಇದೊಂದೇ ಆಯಿತಲ್ಲ ಎಂದು ಆ ಸಂಜೆ ಅಡುಗೆ ಮಾಡದೆ ಕುಳಿತಿದ್ದೆ. ನಾಟಕ ಅಲ್ಲ. ಯಾರು ಏನು ಹೇಳಿದರೂ ಅದನ್ನು ಮಾತ್ರ ನಂಬಬೇಡ.

ನನಗೆ ತಿಳಿದದ್ದನ್ನು ಮೊದಲು ಬರೆಯುತ್ತೇನೆ. ನಾನು ಬಂದರಿನಲ್ಲಿ ಒಬ್ಬ ಬೋಟು ಮಾಲಕರ ಆಫೀಸಿನಲ್ಲಿ ಟೈಪಿಸ್ಟ್ ಎಂದು ನಿನಗೆ ಗೊತ್ತುಂಟು. ಅಲ್ಲಿ ಚಿತ್ತರಂಜನ ಎಂಬವರು ಯಾವ ದಿನ ಯಾವ ಬೋಟು ಕಡಲಿಗಿಳಿಯಿತು ಎಂದು ಪುಸ್ತಕದಲ್ಲಿ ಬರೆದಿಡುತ್ತಾರೆ. ಮೂರು ವರ್ಷದ ಹಿಂದೆ ಒಂದು ದಿನ ನನ್ನ ಮೇಜಿನ ಹತ್ತಿರ ಬಂದು, "ಆಶಕ್ಕ, ಒಂದು ವಿಷಯ ಉಂಟು. ನೀವು ರಜೆ ಹಾಕಿದ ದಿನ ನಮ್ಮ ಬೋಟು ಸಹ ರಜೆ ಹಾಕಿದೆ, ನೋಡಿ," ಎಂದರು. ತಮಾಷೆ ಎಂದುಕೊಂಡೆ. ಆದರೆ ಅವರ ಪುಸ್ತಕವನ್ನೂ ನನ್ನ ರಜೆಯ ಅರ್ಜಿಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ, ಹೆಚ್ಚುಕಡಿಮೆ ಸರಿಯೇ. ಅರಬ್ಬೀ ಸಮುದ್ರದಲ್ಲಿ ವಾಯುಭಾರ ಕುಸಿತ, ಮೀನುಗಾರರು ಇಳಿಯಬಾರದು ಎಂದು ರೇಡಿಯೋ ಹೇಳಿದ ದಿನವೋ ಮರುದಿನವೋ ನಾನು ತಲೆನೋವಿನಿಂದ ಮಲಗಿದ್ದೆ.

ಕೊಡಿಯಾಲ್‌ಬೈಲಿನ ಒಬ್ಬರು ಡಾಕ್ಟರಮ್ಮನಿಗೆ ಇದನ್ನು ಹೇಳಲು ನಾಚಿಕೆಯಾಯಿತು. ಅವರು ನಗಲಿಲ್ಲ. "ಮಾತ್ರೆ ಯಾವಾಗ ತಗೊಳ್ತೀರಿ?" ಎಂದು ಕೇಳಿದರು. "ತಡೆಯಲಿಕ್ಕೆ ಆಗದಾಗ," ಎಂದೆ. "ಅಲ್ಲಿಯೇ ತಪ್ಪು. ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಿದ ಹಾಗೆ ಅದು. ರೇಡಿಯೋ ಕೇಳಿ. ಹವೆ ಕೆಡುತ್ತದೆ ಎಂದ ದಿನ ಹೊಟ್ಟೆ ಖಾಲಿ ಬಿಡಬೇಡಿ, ನಿದ್ದೆಗೆಡಬೇಡಿ, ಬಿಸಿಲಿಗೆ ಹೋಗಬೇಡಿ. ಮೊದಲ ಗುರುತಿಗೇ ಮಾತ್ರೆ ನುಂಗಿ," ಎಂದರು.

ಅಂದಿನಿಂದ ಹಾಗೆಯೇ ಮಾಡುತ್ತೇನೆ. ಹವಾಮಾನ ಕೆಡುತ್ತದೆ ಎಂದು ಕೇಳಿದರೆ ಟೈಪಿಂಗ್ ಕೆಲಸವನ್ನೆಲ್ಲ ಹಿಂದಿನ ದಿನವೇ ಮುಗಿಸುತ್ತೇನೆ. ಗಂಜಿ ಬೇಯಿಸಿ ಮುಚ್ಚಿಡುತ್ತೇನೆ, ಕಿಟಕಿಗೆ ಕಪ್ಪು ಬಟ್ಟೆ ಕಟ್ಟುತ್ತೇನೆ. ನನಗೆ ನೋವಿಗಿಂತ ಮೊದಲು ಆಕಳಿಕೆ ಬರುತ್ತದೆ, ಮತ್ತೆ ಕೆಳಗಿನ ಮನೆಯ ಮೀನು ಕಾಯಿಸುವ ವಾಸನೆ ತಡೆಯಲಿಕ್ಕೆ ಆಗುವುದಿಲ್ಲ. ನಿನ್ನ ಗುರುತುಗಳು ಬೇರೆ ಇರಬಹುದು, ಬರೆದಿಡು. ರೇಡಿಯೋ ಹೇಳಿದ್ದು ಎಷ್ಟೋ ಸಲ ಸುಳ್ಳಾಗುತ್ತದೆ, ಕಿಟಕಿಯ ಬಟ್ಟೆ ಬಿಚ್ಚಿ ಗಂಜಿ ಉಣ್ಣುತ್ತೇನೆ ಅಷ್ಟೆ. ಏನೂ ಹೇಳದ ದಿನ ನೋವು ಬಂದದ್ದೂ ಉಂಟು. ಆದರೂ ಮೊದಲು ತಿಂಗಳಿಗೆ ಐದಾರು ದಿನ ಮಲಗುತ್ತಿದ್ದವಳು ಈಗ ಒಂದೆರಡು ದಿನ ಮಲಗುತ್ತೇನೆ. ಇನ್ನೊಂದು ಮಾತು: ನನ್ನ ಮಾತ್ರೆ ನಿನಗಲ್ಲ. ನಿನಗೆ ಡಾಕ್ಟರರೇ ನೋಡಿ ಕೊಡಬೇಕು.

ಇದಿಷ್ಟನ್ನು ಸುಲಭವಾಗಿ ಬರೆದೆ. ಇನ್ನುಳಿದದ್ದಕ್ಕೆ ನಾಲ್ಕು ದಿನ ಬೇಕಾಯಿತು.

ಮಂಗಳೂರಿನಲ್ಲಿ ಕೆಲಸ ಸಿಕ್ಕಿತು, ಅದಕ್ಕೇ ಅಮ್ಮ ಹೋದಳು ಎಂದು ನಿನಗೆ ಹೇಳಿದ್ದಾರೆ. ಹಾಗೆ ಹೇಳಿ ಎಂದು ಕೇಳಿಕೊಂಡವಳು ನಾನೇ. ಅದು ನಿಜವಲ್ಲ.

ಎಪ್ಪತ್ತಾರನೇ ಇಸವಿ, ಜೂನ್. ನಿನಗೆ ಐದು ವರ್ಷ. ನಿನ್ನ ತಂದೆ ಹೊಟೇಲಿನ ಕೆಲಸಕ್ಕೆ, ಗುಲಾಬಿ ಅತ್ತೆ ಯಾರದೋ ಮನೆಗೆ ಹೋಗಿದ್ದರು. ನಾನು ಕಣ್ಣಿನ ಮೇಲೆ ಒದ್ದೆ ಬಟ್ಟೆ ಹಾಕಿ ಮಲಗಿದ್ದೆ. ನೀನು ಬಂದು ಹಸಿವು ಎಂದೆ. ಮತ್ತೆ ಬಂದು ನನ್ನ ಕೈ ಹಿಡಿದು ಎಳೆದೆ. ಮೂರನೇ ಸಲ ನಿನ್ನನ್ನು ದೂಡಿದೆ ಜಯಾ, ಹೋಗು ಎಂದು ಕಿರುಚಿದೆ. ನೀನು ಹೋದೆ. ಬಾಗಿಲು ತೆರೆದು, ಮೆಟ್ಟಿಲಿಳಿದು, ರಸ್ತೆಗೆ.

ನಾನು ಎದ್ದಾಗ ನೀನಿರಲಿಲ್ಲ. ನಾಲ್ಕು ಗಂಟೆ ಹೊತ್ತು ಹುಡುಕಿದೆವು. ಘಾಟ್ಕೋಪರ್ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಒಬ್ಬಳು ಮೀನು ಮಾರುವ ಹೆಂಗಸು ನಿನ್ನನ್ನು ತನ್ನ ಬುಟ್ಟಿಯ ಪಕ್ಕ ಕೂರಿಸಿಕೊಂಡಿದ್ದಳು. ನಿನ್ನ ಕೈಯಲ್ಲಿ ಅವಳು ಕೊಟ್ಟ ಪಾವ್ ಇತ್ತು. ನನ್ನನ್ನು ಕಂಡು ನೀನು ಓಡಿ ಬರಲಿಲ್ಲ. ಅವಳ ಸೀರೆಯ ಹಿಂದೆ ಸರಿದೆ.

ನಿನ್ನ ತಂದೆ ನಿನ್ನನ್ನು ಎತ್ತಿಕೊಂಡು ಮುಂದೆ ನಡೆದರು. ಮನೆಯಲ್ಲಿ ಅತ್ತೆ, "ಎಂತದು ನಿನ್ನ ತಲೆನೋವು, ಮಗುವಿಗಿಂತ ದೊಡ್ಡದಾ?" ಎಂದು ಕೇಳಿದರು. ಎರಡು ತಿಂಗಳು ಊರಿಗೆ ಹೋಗಿ ಬರುತ್ತೇನೆ ಎಂದು ಹೊರಟವಳು ಮರಳಲಿಲ್ಲ. ನಿನ್ನ ಮಹಾಬಲ ಮಾವ, "ನಮ್ಮಲ್ಲಿ ಮಗು ತಾಯಿಯ ಮನೆಯದು, ನಾನು ಹೋಗಿ ಕರ್ಕೊಂಡು ಬರ್ತೇನೆ," ಎಂದು ಎರಡು ಸಲ ಬಸ್ಸಿಗೆ ಟಿಕೇಟು ಮಾಡಿಸಿದ. ಬೇಡ ಅಣ್ಣ ಎಂದು ತಡೆದವಳೂ ನಾನೇ. ಅತ್ತೆಯನ್ನು ದೂರಬೇಡ. ಅವರು ನಿನಗೆ ಹೊತ್ತಿಗೆ ಸರಿಯಾಗಿ ಉಣ್ಣಿಸಿದರು, ನನಗೆ ಅದು ಆಗಲಿಲ್ಲ.

ರಜೆ ಸಿಗುವುದಿಲ್ಲ, ಅದಕ್ಕೆ ಬರಲಾಗುವುದಿಲ್ಲ ಎಂದು ಪ್ರತಿ ವರ್ಷ ಬರೆದೆನಲ್ಲ, ಅದೂ ಸುಳ್ಳು. ಮಳೆಗಾಲಕ್ಕೆ ಬೋಟುಗಳೆಲ್ಲ ದಡ ಹತ್ತುತ್ತವೆ. ಜೂನ್, ಜುಲೈ ಎರಡು ತಿಂಗಳು ಆಫೀಸಿನಲ್ಲಿ ನನಗೆ ಕೆಲಸವೇ ಇರುವುದಿಲ್ಲ. ಖಾಲಿ ಮೇಜಿನ ಮುಂದೆ ಕುಳಿತು ನೀನೀಗ ಎಷ್ಟನೇ ಕ್ಲಾಸು, ಎಷ್ಟು ಎತ್ತರ ಎಂದು ಯೋಚಿಸುತ್ತಿದ್ದೆ. ಎಂಟು ವರ್ಷದಲ್ಲಿ ಎರಡು ಮದುವೆ ಮನೆಗಳಲ್ಲಿ ನಿನ್ನನ್ನು ಕಂಡದ್ದು. ಎರಡು ಸಲವೂ ನೀನು ನನ್ನನ್ನು 'ನೀವು' ಎಂದೆ. ಈ ಪತ್ರದಲ್ಲಿ 'ನಿನ್ನ' ಎಂದು ಬರೆದಿದ್ದೀ. ಅದು ತಪ್ಪಿ ಬಂದದ್ದಾದರೂ ತಿದ್ದಬೇಡ.

ನಿನ್ನ ಪತ್ರ ಓದಿದ ಮರುದಿನವೇ ನಿನ್ನ ತಂದೆಗೆ ಬರೆದೆ, ಬರಲಾ ಎಂದು. ನಿನ್ನೆ ಅವರ ಕಾರ್ಡು ಬಂತು. ಒಂದೇ ಸಾಲು: 'ಬರುವುದಾದರೆ ಮಳೆ ಹಿಡಿಯುವ ಮೊದಲೇ ಬಾ, ಆಮೇಲೆ ಬಸ್ಸುಗಳು ದಾರಿಯಲ್ಲಿ ನಿಲ್ಲುತ್ತವೆ.' ಮಳೆ ಮೊದಲು ನಮಗೆ ಬರುತ್ತದೆ, ಅಲ್ಲಿಗೆ ಮುಟ್ಟಲು ಒಂದು ವಾರವಾದರೂ ಬೇಕು. ಒಂದನೇ ತಾರೀಕಿನ ಬಸ್ಸಿಗೆ ಟಿಕೇಟು ಮಾಡಿಸಿದ್ದೇನೆ, ಎರಡಕ್ಕೆ ಅಲ್ಲಿ ಇಳಿಯುತ್ತೇನೆ. ನಿನ್ನನ್ನು ಡಾಕ್ಟರರ ಹತ್ತಿರ ಕರೆದುಕೊಂಡು ಹೋಗಿ, ಈ ವರ್ಷದ ಮೊದಲ ಮಳೆ ಕಳೆಯುವ ತನಕ ನಿನ್ನ ಪಕ್ಕದಲ್ಲೇ ಇರುತ್ತೇನೆ. ನಮ್ಮಿಬ್ಬರಿಗೂ ಒಂದೇ ದಿನ ತಲೆನೋವು ಬಂದರೆ ಅತ್ತೆಗೆ ಸ್ವಲ್ಪ ಕಷ್ಟ.

ನಾನು ಬಂದು ಮುಟ್ಟುವ ಮೊದಲು ಇದೆಲ್ಲ ನಿನಗೆ ಗೊತ್ತಿರಬೇಕು ಎಂದು ಬರೆದೆ. ಓದಿದ ಮೇಲೆ ಬಸ್‌ಸ್ಟ್ಯಾಂಡಿಗೆ ಬರಬೇಕು ಅನಿಸದಿದ್ದರೆ ಬರಬೇಡ. ಮನೆಯ ದಾರಿ ನನಗೆ ನೆನಪುಂಟು.

ನಿನ್ನ ಅಮ್ಮ,
ಆಶಾಲತಾ

ಮರೆತದ್ದಲ್ಲ, ಬರೆಯಲು ಧೈರ್ಯವಾಗದೆ ಕೊನೆಗೆ ಉಳಿದದ್ದು: ಎಪ್ಪತ್ತೊಂಬತ್ತರ ಜೂನ್‌ನಲ್ಲಿ ನಾನೊಮ್ಮೆ ಯಾರಿಗೂ ಹೇಳದೆ ಬೊಂಬಾಯಿಗೆ ಬಂದಿದ್ದೆ. ನಿನ್ನ ಶಾಲೆಯ ಗೇಟಿನೆದುರು ನಿಂತಿದ್ದೆ. ನೀನು ಎರಡು ಜಡೆ ಹಾಕಿಕೊಂಡಿದ್ದೆ, ಒಂದರ ರಿಬ್ಬನ್ ಬಿಚ್ಚಿಹೋಗಿತ್ತು. ಕಟ್ಟೋಣ ಎಂದು ರಸ್ತೆ ದಾಟಲು ಹೊರಟೆ. ಮೋಡ ಕಟ್ಟುತ್ತಿತ್ತು, ಆಕಳಿಕೆ ಶುರುವಾಗಿತ್ತು. ನಿನ್ನ ಗೆಳತಿಯರ ಮುಂದೆ ಬಿದ್ದುಬಿಟ್ಟರೆ ಎಂದು ಹೆದರಿ, ಅದೇ ಸಂಜೆಯ ಬಸ್ಸು ಹತ್ತಿದೆ.