ಬೀಗರ ಹಾಡಿನ ಬೀಗ

ಬೀಗರೇ,

ಇಂದು ಬೆಳಿಗ್ಗೆ ನಿಮ್ಮ ಮನೆಯಲ್ಲೇ ಕೂತು ಬೀಗ ಒಡೆಯಲು ಯತ್ನಿಸಿದೆನೆಂದು ಈ ಮೂಲಕ ತಪ್ಪೊಪ್ಪಿಕೊಳ್ಳುತ್ತೇನೆ. ಬಾಗಿಲಿನದ್ದಲ್ಲ, ನೀವು ದುಡ್ಡು ಕೊಟ್ಟು ಕೊಂಡ ಹಾಡುಗಳ ಬೀಗ. ಅವು ನಿಮ್ಮ ಹಳೆಯ ಕಂಪ್ಯೂಟರಿನಲ್ಲಿ ಮಾತ್ರ ಹಾಡುತ್ತವೆ. ಅದೋ, ತೀರಿಕೊಂಡ ನಿಮ್ಮ ಹಿಂದೆಯೇ ಹೊರಟಂತೆ ಗೊರಗೊರ ಎನ್ನುತ್ತಿದೆ. ಎಲ್ಲವನ್ನೂ ಎಂಪಿತ್ರಿಗೆ ಬದಲಾಯಿಸಿ ಫೋನಿಗೆ ಹಾಕಿಕೊಡುತ್ತೇನೆಂದು ಬೀಗಿತ್ತಿಯವರ ಮುಂದೆ ಬೀಗಿದ್ದೆ. "ನಾನಿದ್ದೀನಲ್ಲ, ಹೆದರಬೇಡಿ!"

ಪರದೆ ಪಾಸ್‌ವರ್ಡ್ ಕೇಳಿತು. ನಿಮ್ಮ ಮಗನ ಹೆಸರು ತಪ್ಪಾಯಿತು. ನಿಮ್ಮ ಸೊಸೆ, ಅಂದರೆ ನನ್ನ ಮಗಳ ಹೆಸರೂ ತಪ್ಪಾಯಿತು. ಇನ್ನೊಮ್ಮೆ ತಪ್ಪಿದರೆ ಹಾಡುಗಳು ಮತ್ತೆಂದೂ ತೆರೆಯುವುದಿಲ್ಲ ಎಂದು ಕೆಂಪಕ್ಷರ ಮೂಡಿತು. ಅಂಗೈ ಬೆವರಿ ಮೌಸ್ ಜಾರತೊಡಗಿತು. ಹೆಸರಿಗೆ ಅದು ಇಲಿ. ಬಿಲ ಹುಡುಕುತ್ತಿದ್ದವನು ನಾನು.

ಬೀಗಿತ್ತಿ ಬಹಳ ಸಂಕೋಚದಿಂದ ಹೇಳಿದರು: "ಪುಕ್ಕಲ ಅಂತ ಹಾಕಿ ನೋಡಿ."

"ಯಾರು ಪುಕ್ಕಲ?"

"ನೀವೇ. ಅವರನ್ನ ನೋಡೋಕೆ ಆಸ್ಪತ್ರೆ ಬಾಗಿಲ ತನಕ ಬಂದು, ಒಳಗೆ ಬರದೇ ಹೋದ್ರಲ್ಲ. ಅವರು ಮನೆಗೆ ಬಂದ ತಕ್ಷಣ ಪಾಸ್‌ವರ್ಡ್ ಅದನ್ನೇ ಇಟ್ರು. ನಕ್ಕೊಂಡೇ."

ಹಾಕಿದೆ. ತೆರೆಯಿತು.

ಮಧ್ಯಾಹ್ನಕ್ಕೆ ಹಾಡುಗಳೆಲ್ಲ ಫೋನಿಗೆ ಬಂದವು. "ಕೂತ್ಕೊಳ್ಳಿ, ಅವರಿಗಿಷ್ಟವಾದದ್ದು ಒಂದು ಕೇಳ್ಕೊಂಡು ಹೋಗಿ" ಎಂದರು. ಅವರ ಬೆರಳು ಫೋನನ್ನು ಮುಟ್ಟುವ ಮೊದಲೇ ನಾನು ಎದ್ದು ನಿಂತೆ. "ಅಯ್ಯೋ, ಅರ್ಜೆಂಟ್ ಕೆಲಸ ಇದೆ" ಎಂದು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟೆ.

ಕೆಲಸವೇನೂ ಇರಲಿಲ್ಲ, ಬೀಗರೇ. ಬೀದಿಯ ತಿರುವಿನಲ್ಲಿ ನಿಂತು ನೋಡಿದರೆ ಕಾಲಲ್ಲಿದ್ದದ್ದು ನಿಮ್ಮ ಚಪ್ಪಲಿ. ಈಗ ಅದನ್ನು ವಾಪಸು ಕೊಡಲು ಹೋಗುವುದಕ್ಕೂ ಭಯ.