ಒಂದು ಗುಡಿಸಿನ ತಪ್ಪು

ಪ್ರಿಯ ಅಡಿಟಿಪ್ಪಣಿ,

ಈ ಹೆಸರಿನಿಂದ ನಿನ್ನನ್ನು ಕರೆಯುವವರು ಈಗ ಯಾರೂ ಉಳಿದಿರಲಿಕ್ಕಿಲ್ಲ. ತರಕಾರಿ ಚೀಟಿಯಲ್ಲೂ ನಕ್ಷತ್ರ ಚಿಹ್ನೆ ಹಾಕಿ, ಕೆಳಗೆ ‘ಬಾಡಿದ್ದರೆ ಬೇಡ’ ಎಂದು ಬರೆಯುತ್ತಿದ್ದವಳು ನೀನು. ಹನ್ನೊಂದು ವರ್ಷದಿಂದ ನಮ್ಮಿಬ್ಬರಲ್ಲಿ ಮಾತಿಲ್ಲ ಕತೆಯಿಲ್ಲ. ಸುತ್ತಿ ಬಳಸಿ ಹೇಳುವುದಿಲ್ಲ. ನೀನು ನಿನ್ನದೆಂದು ಹೊತ್ತುಕೊಂಡು ಹೋದ ತಪ್ಪು ನಿನ್ನದಲ್ಲ, ನನ್ನದು. ಪೂರ್ತಿ ಓದು, ಆಮೇಲೆ ಬೇಕಾದರೆ ಹರಿದು ಹಾಕು.

ಮೊನ್ನೆ ತರಗತಿಯಲ್ಲಿ ಒಬ್ಬಳು ಎದ್ದು ನಿಂತು, “ಲಿಟರೇಚರ್ ರಿವ್ಯೂ ಬರೆಯೋದು ಹೇಗೆ ಮೇಡಂ?” ಅಂದಳು. ನನ್ನ ಹತ್ತಿರ ಸಿದ್ಧ ಉತ್ತರವಿದೆ, ವರ್ಷಾನುವರ್ಷ ಅದನ್ನೇ ಅರೆಯುತ್ತೇನೆ. ನಿಮಗಿಂತ ಮುಂಚೆ ಈ ವಿಷಯದಲ್ಲಿ ಯಾರು ಏನು ಹೇಳಿದ್ದಾರೆ ಹುಡುಕಿ. ಒಬ್ಬೊಬ್ಬರಿಗೆ ಒಂದೊಂದು ಪ್ಯಾರಾ ಎಂದು ದಿನಸಿ ಪಟ್ಟಿ ಮಾಡಬೇಡಿ. ಯಾರು ಯಾರನ್ನು ಒಪ್ಪುತ್ತಾರೆ, ಎಲ್ಲಿ ಜಗಳವಾಡುತ್ತಾರೆ, ಎಲ್ಲರೂ ಕೇಳದೆ ಬಿಟ್ಟ ಪ್ರಶ್ನೆ ಯಾವುದು, ಅದನ್ನು ತೋರಿಸಿ. ಮೂಲವನ್ನು ಓದದೆ ಉಲ್ಲೇಖಿಸಬೇಡಿ. ಈ ಕೊನೆಯ ಮಾತು ಹೇಳುವಾಗ ಮಾತ್ರ ಬೋರ್ಡಿನ ಕಡೆ ತಿರುಗಿಕೊಳ್ಳುತ್ತೇನೆ. ಮಕ್ಕಳ ಮುಖ ನೋಡಿ ಅದನ್ನು ಹೇಳುವ ಯೋಗ್ಯತೆ ನನಗಿಲ್ಲ ಕಣೇ.

ನಿನ್ನ ಅಮ್ಮ ಬಿಸ್ಕತ್ತು ಕಾರ್ಖಾನೆಯ ಪ್ಯಾಕಿಂಗ್ ಸಾಲಿನಲ್ಲಿ ದಿನಕ್ಕೆ ಒಂಬತ್ತು ಗಂಟೆ ನಿಲ್ಲುತ್ತಿದ್ದರು. ನೀನು ಸಂಶೋಧನಾ ಪ್ರಬಂಧಕ್ಕೆ ಆರಿಸಿಕೊಂಡದ್ದೂ ಅದನ್ನೇ. ನಿಂತು ದುಡಿಯುವವರ ಕಾಲಡಿಗೆ ರಬ್ಬರ್ ಚಾಪೆ ಹಾಸಿದರೆ ಸಾಕೇ, ನಡುನಡುವೆ ಕೂರಲು ಸ್ಟೂಲೂ ಬೇಕೇ ಎಂದು ಎರಡು ವರ್ಷ ಇನ್ನೂರು ಹೆಂಗಸರ ಹಿಂದೆ ಅಲೆದೆ. ಸಲ್ಲಿಸಬೇಕಾದ ವಾರವೇ ಅಮ್ಮನಿಗೆ ಆಪರೇಷನ್ ಆಯಿತು. “ಸಾರಾಂಶ ಒಂದು ಟೈಪ್ ಮಾಡಿ ಕೊಟ್ಟುಬಿಡೇ, ನೀನು ಮಾಡಿದ್ರೆ ನಾನು ನೋಡೋದೇ ಬೇಡ” ಎಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ನಿನ್ನ ಕೈಬರಹದ ಹಾಳೆ ಕೊಟ್ಟೆ.

ಅದರಲ್ಲಿ ಇದ್ದದ್ದು ಇದು: ‘ಚಾಪೆಯು ನೋವನ್ನು ಕಡಿಮೆ ಮಾಡದೆ, ಕಾಲಿನಿಂದ ಸೊಂಟಕ್ಕೆ ಸಾಗಿಸಿದೆ.’ ನಾನು ‘ಕಡಿಮೆ ಮಾಡಿದೆ’ ಎಂದು ಕುಟ್ಟಿದೆ. ಒಂದು ಗುಡಿಸು ಹೆಚ್ಚು ಬಿತ್ತು, ಅಷ್ಟೇ. ಆಮೇಲೆ ಓದಿ ನೋಡಿದರೆ ವಾಕ್ಯ ಕುಂಟುತ್ತಿತ್ತು, ಪದಗಳ ಮಿತಿಯೂ ಮೀರಿತ್ತು. ಹಾಳೆ ಬ್ಯಾಗಿನಲ್ಲೇ ಇತ್ತು, ತೆಗೆದು ನೋಡಲು ಸೋಮಾರಿತನ. ನಾನು ಮಹಾ ಜಾಣೆ ನೋಡು, ಉಳಿದರ್ಧ ಅಳಿಸಿ ಪೂರ್ಣವಿರಾಮ ಇಟ್ಟೆ.

ಮರುವರ್ಷ ಇದೇ ವಿಷಯಕ್ಕೆ ನನ್ನ ಸಮೀಕ್ಷೆ, ಅದೇ ಲಿಟರೇಚರ್ ರಿವ್ಯೂ, ಬರೆಯುವಾಗ ಆ ವಾಕ್ಯವನ್ನೇ ಎತ್ತಿ ಹಾಕಿದೆ. ನಿನ್ನ ಮುನ್ನೂರು ಪುಟದ ಪ್ರಬಂಧ ನನ್ನ ಕಪಾಟಿನಲ್ಲೇ ಇತ್ತು. ಗೊತ್ತಿರುವುದೇ ತಾನೇ ಎಂದು ತೆರೆಯಲೇ ಇಲ್ಲ. ನನ್ನ ಸಮೀಕ್ಷೆ ಅಚ್ಚಾಯಿತು, ಹೆಸರಾಯಿತು, ಅದನ್ನು ನೋಡಿ ಬರೆದವರು ಹೆಚ್ಚಾದರು. ಒಂದು ದಿನ ಕಾರ್ಖಾನೆಯವರು ಸ್ಟೂಲುಗಳನ್ನೆಲ್ಲ ಎತ್ತಿಸಿ, ಸಂಶೋಧನೆಯ ಪ್ರಕಾರ ಚಾಪೆ ಸಾಕು ಎಂದು ನೋಟಿಸ್ ಅಂಟಿಸಿದರು. ಅಮ್ಮನ ಜೊತೆ ಕೆಲಸ ಮಾಡುವವರು ನಿಮ್ಮ ಮನೆಗೆ ಬಂದು, “ನಮ್ಮನ್ನೆಲ್ಲ ಕೇಳ್ಕೊಂಡು ಹೋಗಿ ಹೀಗಾ ಬರೆಯೋದು?” ಎಂದರಂತೆ. ಅಮ್ಮ ಒಳಕೋಣೆಯಿಂದ ಹೊರಗೇ ಬರಲಿಲ್ಲವಂತೆ.

ನೀನು ಆ ಸಾರಾಂಶ ಹಿಡಿದು ನನ್ನ ಕೋಣೆಗೆ ಬಂದೆ. “ಆಸ್ಪತ್ರೆ ಗಡಿಬಿಡಿಲಿ ನನ್ನ ಬುದ್ಧಿ ಮಣ್ಣು ತಿಂದಿತ್ತು ಕಣೇ, ನಾನೇ ಹೀಗೆ ಬರೆದುಕೊಟ್ಟಿದ್ದೀನಿ” ಎಂದು ಅತ್ತೆ. ನಿನ್ನ ಹಾಳೆ ನನ್ನ ಡ್ರಾಯರಿನಲ್ಲೇ ಇತ್ತು, ನೋಟಿಸಿನ ಸುದ್ದಿ ಕೇಳಿದ ದಿನವೇ ತೆಗೆದು ಓದಿದ್ದೆ. ಮುಂದಿನ ವಾರ ನನಗೆ ಇದೇ ನೌಕರಿಯ ಸಂದರ್ಶನ. “ಹೋಗ್ಲಿ ಬಿಡು, ಎಲ್ಲರಿಗೂ ಆಗುತ್ತೆ” ಎಂದು ನಿನ್ನ ಬೆನ್ನು ಸವರಿದೆ. ತಿದ್ದುತ್ತೇನೆ ಎಂದು ನೀನು ಮಾರ್ಗದರ್ಶಕರ ಬಳಿ ಹೋದರೆ, ಡಿಗ್ರಿ ಬಂದಿದೆಯಲ್ಲ, ಕೆದಕಬೇಡ ಎಂದರು. ನೀನು ಓದು ಬರಹ ಎಲ್ಲ ಬಿಟ್ಟು ಊರನ್ನೂ ಬಿಟ್ಟೆ. ಆ ಹಾಳೆ ಈ ಪತ್ರದ ಜೊತೆಗಿದೆ, ನೋಡಿಕೋ.

ಈಗ ಹೇಳಿ ಏನು ಬಂತು ಎನ್ನುತ್ತೀಯ. ಏನೂ ಬರುವುದಿಲ್ಲ. ತಿದ್ದುಪಡಿ ಹಾಕಿ ಎಂದು ಸಂಶೋಧನಾ ಪತ್ರಿಕೆಗಳಿಗೆಲ್ಲ ಬರೆದೆ. ಒಬ್ಬರು, ಇಷ್ಟು ಹಳೆಯದನ್ನು ತಿದ್ದುವ ಪದ್ಧತಿಯಿಲ್ಲ ಎಂದರು, ಉಳಿದವರು ಉತ್ತರಿಸಲಿಲ್ಲ. ಕಾರ್ಖಾನೆಗೆ ಹೋದೆ. ಹೊಸ ಮ್ಯಾನೇಜರ್ ಚಹಾ ತರಿಸಿ, ಸ್ಟೂಲ್ ಇಡುವ ಜಾಗದಲ್ಲಿ ಮಷೀನು ಬಂದಿದೆ ಎಂದು ತೋರಿಸಿದ. ಅಮ್ಮ ಹೋದ ಸುದ್ದಿ ನನಗೆ ತಿಳಿದದ್ದು ಅಲ್ಲೇ. ಕೊನೆಯ ಎರಡು ವರ್ಷ ನೆಟ್ಟಗೆ ನಿಲ್ಲಲಾಗದೆ ಟೇಬಲ್ ಹಿಡಿದುಕೊಂಡೇ ಪ್ಯಾಕ್ ಮಾಡುತ್ತಿದ್ದರು ಎಂದು ಸಾಲಿನಲ್ಲಿದ್ದ ಒಬ್ಬಾಕೆ ಹೇಳಿದಳು. ನಾನು ಯಾರೆಂದು ಅವಳಿಗೆ ಹೇಳಲಿಲ್ಲ.

ಈ ತಿಂಗಳು ಹೊಸದೊಂದು ಸಮೀಕ್ಷೆ ಬಂದಿದೆ, ತುಂಬ ಅಚ್ಚುಕಟ್ಟಾಗಿದೆ. ಚಾಪೆ ನೋವನ್ನು ಕಡಿಮೆ ಮಾಡಿದೆ ಎಂಬುದು ಎಲ್ಲರೂ ಒಪ್ಪಿದ ಸಂಗತಿ ಎಂದಿದ್ದಾರೆ. ಆಧಾರಕ್ಕೆ ಕೊಟ್ಟಿರುವುದು ನನ್ನ ಹೆಸರು. ಪಟ್ಟಿಯನ್ನು ಎರಡು ಸಲ ಬೆರಳಿಟ್ಟು ಹುಡುಕಿದೆ. ನಿನ್ನ ಹೆಸರು ಎಲ್ಲೂ ಇಲ್ಲ.

ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ನೀನು ಸರಿಯಾಗಿಯೇ ಬರೆದಿದ್ದೆ, ಅಷ್ಟು ತಿಳಿದುಕೊಂಡು ಎಲ್ಲಿದ್ದರೂ ತಣ್ಣಗಿರು.

ಒಂದು ಕಾಲದಲ್ಲಿ ನಿನ್ನ ಗೆಳತಿಯಾಗಿದ್ದವಳು