ಕೈ ತಾನಾಗಿ ಎಳೆದ ಗುರುತು

ಮಂಗಳವಾರ, ನವೆಂಬರ್ 18

ಎರಡು ತಿಂಗಳು ತಿಣುಕಾಡಿದ ಮೇಲೆ ಹೊಳೆದ ಲೋಗೊವನ್ನು ಇವತ್ತು ಅವ್ವನಿಗೆ ತೋರಿಸಬಾರದಿತ್ತು.

ಊರವರ ಅಂಗಡಿ, ಶಾಲೆ, ಮದುವೆ ಎಲ್ಲಕ್ಕೂ ಅರ್ಧ ದಿನದಲ್ಲಿ ಡಿಸೈನ್ ಮಾಡಿಕೊಡುವ ನನಗೆ ನನ್ನದೇ ಒಂದು ಗುರುತು ಹೊಳೆದಿರಲಿಲ್ಲ. ಹೋದ ವಾರ ಕೈ ತಾನಾಗಿ ಎಳೆಯಿತು: ಒಂದು ಅರ್ಧಚಂದ್ರ, ಅದರ ಮೇಲೆ ಓರೆಯಾಗಿ ಎರಡು ಗೆರೆ, ಕೆಂಪು ಬಣ್ಣ. ಯಾರದನ್ನೂ ನೋಡಿ ಮಾಡಿದ್ದಲ್ಲ ಎಂದು ಎಷ್ಟು ಬೀಗಿದೆ! ಬಸವಕಲ್ಯಾಣದ ನನ್ನ ಅಂಗಡಿಯ ಬೋರ್ಡಿಗೂ ಅದನ್ನೇ ಪ್ರಿಂಟ್ ಹಾಕಿಸಿಬಿಟ್ಟೆ.

ಅವ್ವ ಮೊಬೈಲ್ ಹಿಡಿದು ಬಹಳ ಹೊತ್ತು ನೋಡಿದಳು. "ಕಾಜಲ, ಇದು ನಿಮ್ಮಜ್ಜಿ ಕುರಿ ಬೆನ್ನಿಗಿ ಹಚ್ಚತಿದ್ದ ಗುರ್ತಲ್ಲೇನು? ಹುಮನಾಬಾದಿಗಿ ಕೊಯ್ಯಾಕ ಕಳಸೂ ಕುರಿಗಷ್ಟೇ ಹಚ್ಚತಿದ್ಳು."

ಆಮೇಲೆ ಎಲ್ಲ ನೆನಪಾಯಿತು. ನನಗೆ ಆಗ ಆರು ವರ್ಷ. ಅಜ್ಜಿ ನನ್ನ ಬೆರಳನ್ನು ಕೆಂಪು ಬಣ್ಣದಲ್ಲಿ ಅದ್ದಿಸಿ, ನಾನೇ ಬಾಟಲಿ ಹಾಲು ಕುಡಿಸಿ ಬೆಳೆಸಿದ ಮರಿಯನ್ನು ಮುಂದೆ ನಿಲ್ಲಿಸಿದ್ದಳು.

"ನೀನೇ ಹಚ್ಚವ್ವಾ, ಚಂದ ಕಾಣ್ತದ."

ಹಚ್ಚಿದೆ. ಚಂದವೇ ಕಂಡಿತು. ಮರುದಿನ ಮರಿ ಇರಲಿಲ್ಲ.

ಊಟವಾದ ಮೇಲೆ ಬೇರೆ ಲೋಗೊ ಮಾಡೋಣವೆಂದು ಕುಳಿತೆ. ಪೆನ್ಸಿಲ್ ಇಟ್ಟ ಕಡೆ ಹಾಳೆ ಬೆಚ್ಚಗಿದೆ ಅನ್ನಿಸುತ್ತದೆ, ಉಸಿರಾಡುತ್ತಿದೆ ಅನ್ನಿಸುತ್ತದೆ. ಕೈ ಮತ್ತೆ ಅದೇ ಅರ್ಧಚಂದ್ರಕ್ಕೆ ಹೊರಳುತ್ತದೆ. ನಾಳೆ ಬೋರ್ಡ್ ಏರಿಸಲು ಬರುತ್ತಾರೆ, ಬೇಡ ಅನ್ನಬೇಕು.

ಬಣ್ಣ ಹಚ್ಚುವಾಗ ಆ ಮರಿ ಸ್ವಲ್ಪವೂ ಮಿಸುಕಾಡಲಿಲ್ಲ. ಕೈ ನನ್ನದೆಂದು ಅದಕ್ಕೆ ಗೊತ್ತಿತ್ತಲ್ಲ.